ಭಂಡಾರಿಯ ನಾಣ್ಯ

ಒಂದು ನಾಡು ಯಾರನ್ನು ಸ್ಮರಿಸಬಯಸುತ್ತದೆ ಎಂಬುದನ್ನು ಅದರ ನಾಣ್ಯಗಳೇ ಹೇಳುತ್ತವೆ. ಪರರ ಆಳ್ವಿಕೆಯಲ್ಲಿ ಆ ಸ್ಥಾನ ಅರಸರದಾಗಿತ್ತು. ಐದನೆಯ ಜಾರ್ಜ್ ದೊರೆ ಪಟ್ಟಕ್ಕೆ ಬಂದ ಬಳಿಕ 1911ರಲ್ಲಿ ಹೊರಟ ರೂಪಾಯಿಯಲ್ಲಿ, ಅವನ ಉಡುಪಿನ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನರು ಆಕ್ಷೇಪಿಸಿದರು. 1912ರಲ್ಲಿ ಚಿತ್ರವನ್ನು ತಿದ್ದಬೇಕಾಯಿತು.

ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯಗಳು 1964ರಲ್ಲಿ ನೆಹರೂ ಅವರ ನೆನಪಿಗೆ ಬಂದವು. 1969ರಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಗೆ, 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ, 1997ರಲ್ಲಿ ಸುವರ್ಣ ಮಹೋತ್ಸವಕ್ಕೆ ಮತ್ತೆ ನಾಣ್ಯಗಳು ಹೊರಟವು.

2006ರಲ್ಲಿ ಮಹಾತ್ಮ ಬಸವೇಶ್ವರರ ಸರದಿ. 100 ರೂಪಾಯಿಯ ನಾಣ್ಯ 35 ಗ್ರಾಂ ತೂಕದ್ದು, ಅರ್ಧ ಬೆಳ್ಳಿ. ಅದು ಸಂಗ್ರಹಕಾರರ ಪೆಟ್ಟಿಗೆಗೆ. 5 ರೂಪಾಯಿಯದು ಸಂತೆಗೆ, ಬಸ್ಸಿಗೆ, ನಮ್ಮ ನಂದೊಳ್ಳಿಯ ಅಂಗಡಿಗೆ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದು, ಹಣವೆಲ್ಲ ಕೈಯಲ್ಲಿದ್ದೂ ತನ್ನದೆನ್ನದ ಅಣ್ಣನ ರೂಪ ಎಂಟು ಶತಮಾನಗಳ ತರುವಾಯ ಬಡವನ ಕಿಸೆಗೂ ಬಂದಿತು.

ನನ್ನ ಮನೆಯ ದೇವರ ಜಗಲಿಯ ಮೇಲೆ, ವಿಭೂತಿಗಟ್ಟಿಯ ಪಕ್ಕದಲ್ಲಿ, ಅಂತಹ ಹನ್ನೊಂದು ನಾಣ್ಯಗಳಿದ್ದವು. ಬಸವ ಜಯಂತಿಯ ದಿನ ಮೊಮ್ಮಗಳು ಕೇಳಿದಳು: “ಅಜ್ಜಾ, ಇವು ನಡೆಯೋದಿಲ್ಲವಾ?” ನಾನು ನಿರುತ್ತರನಾದೆನು. ನಡೆಯುವ ನಾಣ್ಯವನ್ನು ಕೂಡ್ರಿಸಿದವನು ನಾನೇ ಅಲ್ಲವೇ? ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲಬೇಕೆಂದ ಮಹಾನುಭಾವನಿಗೆ ನಾನು ಸಲ್ಲಿಸಿದ ಪೂಜೆ ಇದೇನು?

ಒಂದನ್ನು ಅವಳ ಕೈಗಿತ್ತು ಅಣ್ಣನ ಕಥೆ ಹೇಳಿದೆನು. ಹತ್ತನ್ನು ದಾಸೋಹದ ಹುಂಡಿಗೆ ಹಾಕಿದೆನು. ಸದ್ಭಕ್ತರೇ, ತಮ್ಮ ಜಗಲಿಯನ್ನೂ ಒಮ್ಮೆ ನೋಡಿರಿ.