ಮಗುವನ್ನು ಸಾಕೋಣ, ಅದರ ನಸಬ್ ಅಳಿಸುವುದು ಬೇಡ

ಕಳೆದ ತಿಂಗಳ ಜುಮಾ ಖುತ್ಬಾದಲ್ಲಿ ಯತೀಮ್ ಮಕ್ಕಳ ಹಕ್ಕುಗಳ ಬಗ್ಗೆ ಮಾತನಾಡಿದ್ದೆವು. ಆ ಬಳಿಕ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: "ಹಝ್ರತ್, ಇಸ್ಲಾಮ್‌ನಲ್ಲಿ ದತ್ತು ಹರಾಮ್ ಅಲ್ಲವೇ? ಹಾಗಾದರೆ ಮಕ್ಕಳಿಲ್ಲದವರು ಅನಾಥ ಮಗುವನ್ನು ಮನೆಗೆ ತರಬಾರದೇ?" ಖುತ್ಬಾದ ಕೆಲವೇ ನಿಮಿಷಗಳಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮಲ್ಲಿ ಕೆಲವರು ಹರಾಮ್ ಎಂಬ ಮಾತು ಕೇಳಿ ಮಗುವನ್ನು ಸಾಕುವ ಆಸೆಯನ್ನೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ತರುತ್ತಾರೆ, ಆದರೆ ಗುಟ್ಟಾಗಿ ತರುತ್ತಾರೆ. ಜನನ ಪತ್ರದಲ್ಲಿ ತಮ್ಮ ಹೆಸರನ್ನೇ ಬರೆಸಿ, ಹೆತ್ತ ಮಗುವೆಂದು ಊರಿಗೆ ಹೇಳುತ್ತಾರೆ. ಶರೀಅತ್ ತಡೆದಿರುವುದು ಸಾಕುವುದನ್ನಲ್ಲ, ಈ ಗುಟ್ಟನ್ನು.

ಹಝ್ರತ್ ಝೈದ್ ಬಿನ್ ಹಾರಿಸಾ(ರ) ಅವರ ವಿಷಯ ನೋಡಿ. ಬಾಲ್ಯದಲ್ಲೇ ಗುಲಾಮರಾಗಿ ಮಾರಾಟವಾದವರು. ತಂದೆ ಹುಡುಕಿಕೊಂಡು ಮಕ್ಕಾಗೆ ಬಂದಾಗಲೂ ಪ್ರವಾದಿ(ಸ)ರನ್ನು ಬಿಟ್ಟು ಹೋಗಲು ಒಪ್ಪಲಿಲ್ಲ. ಪ್ರವಾದಿ(ಸ)ರು ಅವರನ್ನು ಮಗನೆಂದು ಸಾರಿದರು, ಜನರು ಝೈದ್ ಬಿನ್ ಮುಹಮ್ಮದ್ ಎಂದು ಕರೆದರು. ಅನಂತರ ಸೂರಃ ಅಲ್ ಅಹ್‌ಝಾಬ್‌ನ 4 ಮತ್ತು 5ನೇ ಆಯತ್‌ಗಳು ಅವತೀರ್ಣವಾದವು. ಸಾಕುಮಕ್ಕಳನ್ನು ಅವರ ತಂದೆಯ ಹೆಸರಿನಿಂದಲೇ ಕರೆಯಬೇಕು, ತಂದೆ ಯಾರೆಂದು ತಿಳಿಯದಿದ್ದರೆ ಅವರು ನಿಮ್ಮ ಧರ್ಮ ಬಾಂಧವರು ಎಂಬುದು ಅದರ ಆದೇಶ. ಬದಲಾದದ್ದು ಹೆಸರು ಮಾತ್ರ. ಪ್ರೀತಿ ಕಡಿಮೆಯಾಗಲಿಲ್ಲ. ಮುಅತಾ ಯುದ್ಧದಲ್ಲಿ ಸೇನೆಯ ನಾಯಕತ್ವ ಕೊಟ್ಟದ್ದು ಇದೇ ಝೈದ್(ರ)ರಿಗೆ. ಸಹಾಬಿಗಳಲ್ಲಿ ಕುರ್‌ಆನ್‌ನಲ್ಲಿ ಹೆಸರು ಬಂದಿರುವುದೂ ಅವರೊಬ್ಬರದೇ. ಅಬೂ ಹುಝೈಫಾ(ರ) ಸಾಕಿದ್ದ ಸಾಲಿಮ್(ರ)ರನ್ನು ಆಮೇಲೆ ಜನರು ಅಬೂ ಹುಝೈಫಾರ ಮೌಲಾ ಎಂದು ಕರೆದರು. ಕುರ್‌ಆನ್ ಕಲಿಯಲು ಪ್ರವಾದಿ(ಸ)ರು ಹೆಸರಿಸಿದ ನಾಲ್ವರಲ್ಲಿ ಅವರೂ ಒಬ್ಬರು. ತಂದೆಯ ಹೆಸರಿಲ್ಲ ಎಂಬುದು ಅವರಿಗೆ ಕಳಂಕವಾಗಲಿಲ್ಲ. ನಮ್ಮ ಬೀದಿಗಳಲ್ಲಿ ಅಂಥ ಮಗುವಿಗೆ ಅಡ್ಡಹೆಸರು ಇಡುವವರು ಇದನ್ನು ತಿಳಿದುಕೊಳ್ಳಬೇಕು.

ಗುಟ್ಟಿನ ಬೆಲೆ ಗೊತ್ತಾಗುವುದು ಇಪ್ಪತ್ತು ವರ್ಷದ ಬಳಿಕ. ನಿಕಾಹ್ ದಫ್ತರ್ ತೆರೆದು "ಹುಡುಗಿಯ ತಂದೆಯ ಹೆಸರು? ವಲಿ ಯಾರು?" ಎಂದು ಕೇಳಿದಾಗ ಸಾಕಿದ ತಂದೆ ತಲೆ ತಗ್ಗಿಸುತ್ತಾರೆ. ಸಾಕಿದ ಮಾತ್ರಕ್ಕೆ ಅವರು ವಲಿಯಾಗುವುದಿಲ್ಲ. ವಲಿಯೇ ಇಲ್ಲದ ಹುಡುಗಿಗೆ ಖಾಝಿ ವಲಿಯಾಗುವ ದಾರಿ ಶರೀಅತ್‌ನಲ್ಲಿದೆ, ಆದರೆ ಸತ್ಯ ಹೇಳಿದರೆ ತಾನೇ ಆ ದಾರಿ ತೆರೆಯುವುದು? ಅಂದು ಹೇಳಿದರೆ ಹುಡುಗಿಗೆ ತನ್ನ ಕಥೆ ತಿಳಿಯುವುದು ಮದುವೆಯ ಚಪ್ಪರದಲ್ಲಿ. ಹೇಳದಿದ್ದರೆ ವರ ತನ್ನದೇ ರಕ್ತಸಂಬಂಧಿಯೋ ಎಂದು ನೋಡುವವರೂ ಇಲ್ಲ.

ಸರಕಾರದ ಕಾನೂನೂ ಈ ಗುಟ್ಟನ್ನು ಒಪ್ಪುವುದಿಲ್ಲ. ಛಾಪಾ ಕಾಗದದ ಮೇಲೆ ಬರೆದುಕೊಂಡ ಒಪ್ಪಂದದಿಂದ ಮಗು ನಿಮ್ಮದಾಗುವುದಿಲ್ಲ. ಅನಾಥ, ತೊರೆದ ಅಥವಾ ಸಮಿತಿಗೆ ಒಪ್ಪಿಸಿದ ಮಗುವನ್ನು ನಿಯಮ ಮೀರಿ ದತ್ತಿಗೆ ಕೊಟ್ಟರೂ ಪಡೆದರೂ 2015ರ ಬಾಲ ನ್ಯಾಯ ಕಾಯ್ದೆಯ 80ನೇ ಕಲಮಿನಂತೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಹಣ ಕೊಟ್ಟು ಕೊಂಡರೆ ಅದು ಮಗುವಿನ ಮಾರಾಟ, 5 ವರ್ಷದವರೆಗೆ ಸೆರೆ. "ಆಸ್ಪತ್ರೆ ಖರ್ಚು ಮಾತ್ರ ಕೊಟ್ಟದ್ದು" ಎಂದು ಸಮಾಧಾನ ಹೇಳಿಕೊಳ್ಳುವವರಿದ್ದಾರೆ. ದಲ್ಲಾಳಿಗಳು ಹೇಳಿಕೊಟ್ಟ ಮಾತು ಅದು.

ಮಸೀದಿಯ ಬಾಗಿಲಲ್ಲೋ ಬಸ್ ನಿಲ್ದಾಣದಲ್ಲೋ ಮಗು ಸಿಕ್ಕರೆ ಅಲ್ಲಾಹನೇ ಕಳಿಸಿದ ಎಂದು ಮನೆಗೆ ಒಯ್ಯಬೇಡಿ. 24 ಗಂಟೆಯೊಳಗೆ ತಿಳಿಸಬೇಕು. 1098ಕ್ಕೆ ಫೋನ್ ಮಾಡಿ, ಇಲ್ಲವೇ ಪೊಲೀಸರಿಗೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ಹೇಳಿ. ಮಗುವನ್ನು ಯಾರಾದರೂ ಕದ್ದು ತಂದಿದ್ದರೆ ಅದರ ತಾಯಿ ಎಲ್ಲೋ ಹುಡುಕುತ್ತಿರುತ್ತಾಳೆ. ಸಾಕಲಾಗದ ತಾಯಿಯೂ ಮಗುವನ್ನು ತೊಟ್ಟಿಯಲ್ಲಿ ಬಿಡಬೇಕಾಗಿಲ್ಲ. ಸಮಿತಿಯ ಮುಂದೆ ಒಪ್ಪಿಸಬಹುದು. ಮನಸ್ಸು ಬದಲಾದರೆ ಹಿಂದಕ್ಕೆ ಪಡೆಯಲು ಆಕೆಗೆ 2 ತಿಂಗಳ ಕಾಲಾವಕಾಶವಿದೆ.

ಹಾಗಾದರೆ ಸಾಕಬಯಸುವವರಿಗೆ ದಾರಿ ಯಾವುದು? ಅಣ್ಣ ತೀರಿಕೊಂಡು ಅವರ ಮಕ್ಕಳು ನಿಮ್ಮ ಮನೆಗೆ ಬಂದಿದ್ದರೆ 1890ರ ಗಾರ್ಡಿಯನ್ ಕಾಯ್ದೆಯಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ. ಮಗುವಿಗೆ 18 ತುಂಬುವವರೆಗೆ ನೀವು ಗಾರ್ಡಿಯನ್, ಮಗುವಿನ ನಸಬ್ ಹಾಗೆಯೇ ಇರುತ್ತದೆ. ನ್ಯಾಯಾಲಯ ನೇಮಿಸಿದ ಗಾರ್ಡಿಯನ್ ಯತೀಮ್‌ನ ಜಮೀನು ಮನೆಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ. ಯತೀಮ್‌ನ ಸೊತ್ತನ್ನು ತಿನ್ನುವವರಿಗೆ ಸೂರಃ ಅನ್ನಿಸಾದಲ್ಲಿರುವ ಎಚ್ಚರಿಕೆಯನ್ನು ಓದಿದವರಿಗೆ ಈ ನಿಯಮ ಹೊಸದೆನಿಸದು. ಶರೀಅತ್‌ನ ಕಫಾಲತ್‌ಗೆ ಹತ್ತಿರವಾದ ದಾರಿ ಇದೇ ಎಂಬುದು ನಮ್ಮ ಅಭಿಪ್ರಾಯ.

ಅನಾಥಾಲಯದ ಮಗುವನ್ನು ತರುವವರಿಗೆ ಬಾಲ ನ್ಯಾಯ ಕಾಯ್ದೆಯ ದತ್ತು ಇದೆ. ಇದು ಮುಸ್ಲಿಮರಿಗೂ ತೆರೆದಿದೆ, ಆದರೆ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಫೆಬ್ರವರಿಯಲ್ಲಿ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಹೇಳಿತು. 'ಕಾರಾ' ಎಂದು ಕರೆಯುವ ಕೇಂದ್ರ ಪ್ರಾಧಿಕಾರದಲ್ಲಿ ನೋಂದಣಿ, ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುವುದು, ಕೊನೆಗೆ ಜಿಲ್ಲಾಧಿಕಾರಿಯ ಆದೇಶ, ಇದು ಕ್ರಮ. ಮನೆಗೆ ಬಂದವರು ಆದಾಯ, ಆರೋಗ್ಯ, ದಂಪತಿಯ ನಡುವಿನ ಹೊಂದಾಣಿಕೆಯನ್ನೆಲ್ಲ ಕೇಳುತ್ತಾರೆ. ಅದನ್ನು ಅವಮಾನವೆಂದು ತಿಳಿಯಬೇಡಿ. ಮಗಳನ್ನು ಕೊಡುವಾಗ ನಾವು ವರನ ಮನೆಯನ್ನು ವಿಚಾರಿಸುವುದಿಲ್ಲವೇ? ಈ ದತ್ತಿನಲ್ಲಿ ಮಗು ಕಾನೂನಿನ ಪ್ರಕಾರ ನಿಮ್ಮದಾಗುತ್ತದೆ, ಹೆತ್ತ ಕುಟುಂಬದ ನಂಟು ಕಾನೂನಿನಲ್ಲಿ ಕಡಿಯುತ್ತದೆ. ಶರೀಅತ್ ಒಪ್ಪದಿರುವುದು ಇದನ್ನೇ. ಆದರೂ ಗುಟ್ಟಿನ ದತ್ತಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿ ದಾಖಲೆ ಸುಟ್ಟುಹೋಗುವುದಿಲ್ಲ. 18 ತುಂಬಿದ ಮೇಲೆ ಮಗು ತನ್ನ ಮೂಲ ತಿಳಿಯಲು ಅರ್ಜಿ ಹಾಕಬಹುದು. ಈ ದಾರಿ ಹಿಡಿದವರು ಮಗುವಿಗೆ ಬುದ್ಧಿ ಬರುವ ವಯಸ್ಸಿನಲ್ಲೇ ಮೆಲ್ಲಗೆ ಸತ್ಯ ಹೇಳಬೇಕು. ಬೇರೆಯವರ ಬಾಯಿಂದ ಕೇಳಿದರೆ ಆಗುವ ನೋವು ಬೇರೆ.

ಸಹೋದರಿಯರು ಸಂಕೋಚದಿಂದ ಕೇಳುವುದು ಪರ್ದಾದ ವಿಷಯ. ಹಸುಗೂಸಾಗಿದ್ದಾಗಲೇ ತಂದರೆ ಇದು ಸುಲಭ. ಎರಡು ವರ್ಷದೊಳಗೆ ಹೆಂಡತಿಯ ಅಕ್ಕನೋ ತಂಗಿಯೋ ಗಂಡುಮಗುವಿಗೆ ಹಾಲುಣಿಸಿದರೆ ಸಾಕಿದ ತಾಯಿ ಅವನಿಗೆ ಹಾಲಿನ ಖಾಲಾ. ಗಂಡನ ಅಕ್ಕತಂಗಿಯರಲ್ಲೊಬ್ಬರು ಹೆಣ್ಣುಮಗುವಿಗೆ ಹಾಲುಣಿಸಿದರೆ ಸಾಕಿದ ತಂದೆ ಅವಳಿಗೆ ಹಾಲಿನ ಮಾಮು. ಇಬ್ಬರೂ ಮಹ್ರಮ್. ಕರಾವಳಿಯ ಶಾಫಿಈಗಳಲ್ಲಿ ಐದು ಬಾರಿ ಉಣಿಸಿರಬೇಕು, ಹನಫಿಗಳಲ್ಲಿ ಆ ಲೆಕ್ಕವಿಲ್ಲ. ಯಾರು, ಯಾವಾಗ ಹಾಲುಣಿಸಿದರು ಎಂಬುದನ್ನು ಬರೆದಿಡಿ. ಆ ಮನೆಯ ಮಕ್ಕಳೊಂದಿಗೆ ಮುಂದೆ ಈ ಮಗುವಿನ ಮದುವೆ ಆಗದು.

ಇನ್ನು ಆಸ್ತಿ. ಶರೀಅತ್ ಪ್ರಕಾರ ಸಾಕುಮಗು ವಾರಸುದಾರನಲ್ಲ. ಏನೂ ಮಾಡದೆ ನೀವು ತೀರಿಕೊಂಡರೆ ಎಷ್ಟೋ ವರ್ಷ ನಿಮ್ಮನ್ನು ಅಬ್ಬಾ ಎಂದು ಕರೆದ ಮಗು ಬರಿಗೈಯಲ್ಲಿ ಬೀದಿಗೆ ಬರಬಹುದು. ಇದಕ್ಕೆ ಶರೀಅತ್ ಅನ್ನು ದೂರುವುದು ಸರಿಯಲ್ಲ, ಅದು ಎರಡು ಬಾಗಿಲು ತೆರೆದಿಟ್ಟಿದೆ. ಬದುಕಿರುವಾಗ ಹಿಬಾ ಮಾಡಬಹುದು, ಆದರೆ ಕೊಟ್ಟ ಸೊತ್ತಿನ ಸ್ವಾಧೀನವನ್ನೂ ನಿಜವಾಗಿ ಬಿಟ್ಟುಕೊಡಬೇಕು. ಮರಣಾನಂತರಕ್ಕೆ ಆಸ್ತಿಯ ಮೂರನೇ ಒಂದು ಭಾಗದವರೆಗೆ ವಸಿಯ್ಯತ್ ಮಾಡಬಹುದು. ಸಾಕುಮಗು ವಾರಸುದಾರನಲ್ಲದ ಕಾರಣಕ್ಕೇ ಈ ವಸಿಯ್ಯತ್‌ಗೆ ಉಳಿದವರ ಒಪ್ಪಿಗೆ ಬೇಕಿಲ್ಲ. ಬಾಯಿಮಾತಿನಲ್ಲಿ ಬಿಡದೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಬರೆದು, ಸಾಧ್ಯವಾದರೆ ನೋಂದಾಯಿಸಿ, ಮನೆಯಲ್ಲಿ ಒಬ್ಬರಿಗಾದರೂ ಅದು ಎಲ್ಲಿದೆಯೆಂದು ಹೇಳಿಡಿ.