ಸೀಟು ನಮ್ಮದೇ, ಸಾಲು ಎಲ್ಲರದು

ವಿಮಾನ ನಿಲ್ದಾಣದ ಗೇಟಿನ ಬಳಿ ಮೈಕಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂಬ ಎರಡು ಪದ ಕೇಳಿದರೆ ಸಾಕು. ಅಷ್ಟು ಹೊತ್ತು ಕುರ್ಚಿಗೆ ಅಂಟಿಕೊಂಡಿದ್ದವರೆಲ್ಲ ಸ್ಪ್ರಿಂಗ್ ಹಾಕಿದಂತೆ ಎದ್ದು ನಿಲ್ಲುತ್ತಾರೆ. ಯಾವ ಊರಿನ ವಿಮಾನ, ಮೊದಲು ಯಾರು ಬರಬೇಕು ಎಂದು ಹೇಳಿ ಮುಗಿದಿರುವುದೇ ಇಲ್ಲ, ಗೇಟಿನ ಮುಂದೆ ಜಾತ್ರೆ ನೆರೆದಿರುತ್ತದೆ. ಒಬ್ಬರು ಪಕ್ಕದಿಂದ ಹೆಗಲು ತೂರಿಸುತ್ತಾರೆ, ಇನ್ನೊಬ್ಬರು ಟ್ರಾಲಿ ಚೀಲವನ್ನು ಮುಂದೆ ಬಿಟ್ಟು ಅದರ ಹಿಂದೆ ತಾವು ಬರುತ್ತಾರೆ. ಮತ್ತೊಬ್ಬರು ಫೋನಿನಲ್ಲಿ ಜೋರಾಗಿ ಮಾತನಾಡುತ್ತಾ, ಸಾಲು ಕಾಣಿಸಲೇ ಇಲ್ಲವೆಂಬಂತೆ ನಾಲ್ಕು ಜನರನ್ನು ದಾಟಿಬಿಡುತ್ತಾರೆ.

ತಮಾಷೆಯೆಂದರೆ ಇವರಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಸೀಟಿನ ನಂಬರು ಅಚ್ಚಾದ ಚೀಟಿ ಇದೆ. ಮೊದಲು ಹತ್ತಿದರೂ ಅದೇ ಸೀಟು, ಕೊನೆಗೆ ಹತ್ತಿದರೂ ಅದೇ ಸೀಟು. ಬಾಗಿಲು ಮುಚ್ಚಿದ ಮೇಲೆ ಎಲ್ಲರೂ ಒಟ್ಟಿಗೇ ಹಾರುತ್ತಾರೆ.

ಹಾಗಾದರೆ ನುಗ್ಗುವುದೇಕೆ? ನನ್ನ ವಯಸ್ಸಿನವರಿಗೆ ಇದರ ಮೂಲ ಚೆನ್ನಾಗಿ ಗೊತ್ತು. ನಾವು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಪೀಳಿಗೆಯವರು. ಟವೆಲ್ ಇಲ್ಲದಿದ್ದರೆ ಕರ್ಚೀಫು, ಅದೂ ಇಲ್ಲದಿದ್ದರೆ ಮನೆಯ ಚಿಕ್ಕ ಹುಡುಗನನ್ನೇ ಕಿಟಕಿಯಿಂದ ಒಳಗೆ ಇಳಿಸುತ್ತಿದ್ದರು. ಮೆಜೆಸ್ಟಿಕ್ಕಿನಲ್ಲಿ ಸಾಲಾಗಿ ನಿಂತ ಸಜ್ಜನ ಹಾಸನದವರೆಗೂ ನಿಂತೇ ಹೋಗುತ್ತಿದ್ದ. ನ್ಯಾಯಬೆಲೆ ಅಂಗಡಿಯಲ್ಲಿ ಹಿಂದೆ ಬಿದ್ದವನ ಸರದಿ ಬರುವಷ್ಟರಲ್ಲಿ ಸೀಮೆಎಣ್ಣೆ ಮುಗಿದಿರುತ್ತಿತ್ತು. ಇರುವುದು ಕಡಿಮೆ, ಬೇಕಾದವರು ಹೆಚ್ಚು ಎಂಬ ಕಡೆ ನುಗ್ಗುವುದನ್ನು ಕಾಲುಗಳೇ ಕಲಿತವು. ಆ ಕಾಲುಗಳೇ ಈಗ ವಿಮಾನ ನಿಲ್ದಾಣಕ್ಕೂ ಬಂದಿವೆ. ಇದನ್ನು ಬರೀ ಒರಟುತನ ಎನ್ನಲು ನನಗೆ ಮನಸ್ಸಿಲ್ಲ. ಹಾಗೆಂದು ಸರಿ ಎನ್ನಲೂ ಆಗದು, ಏಕೆಂದರೆ ಇಲ್ಲಿ ಸೀಮೆಎಣ್ಣೆ ಮುಗಿಯುವುದಿಲ್ಲ.

ಮಕ್ಕಳೇ, ಮುಂದಿನ ಸಲ ಬೋರ್ಡಿಂಗ್ ಪಾಸ್ ಕೈಗೆ ಸಿಕ್ಕರೆ ಪೂರ್ತಿ ಓದಿ ನೋಡಿ. ಹೆಸರು, ಗೇಟು, ಸೀಟು ಎಲ್ಲರೂ ನೋಡುತ್ತಾರೆ. ಹಲವು ಕಂಪನಿಗಳ ಪಾಸಿನಲ್ಲಿ ಝೋನ್ ಅಥವಾ ಗ್ರೂಪ್ ಎಂದು ಇನ್ನೊಂದು ಅಂಕಿ ಇರುತ್ತದೆ. ನಿಮ್ಮನ್ನು ಎಷ್ಟನೆಯ ತಂಡದಲ್ಲಿ ಕರೆಯುತ್ತಾರೆ ಎನ್ನುವುದು ಅದು. ಸೀಕ್ವೆನ್ಸ್ ಎಂಬ ಅಂಕಿಯೂ ಇರುತ್ತದೆ. ಅದು ನೀವು ಎಷ್ಟನೆಯವರಾಗಿ ಚೆಕ್‌-ಇನ್ ಮಾಡಿದಿರಿ ಎಂಬ ಲೆಕ್ಕ ಮಾತ್ರ, ಹತ್ತುವ ಸರದಿಯಲ್ಲ. ಸೀಟಿನ ಅಕ್ಷರ ಎ ಅಥವಾ ಎಫ್ ಆದರೆ, ನಮ್ಮಲ್ಲಿ ಹೆಚ್ಚಾಗಿ ಓಡಾಡುವ ಏರ್‌ಬಸ್ ಎ320ಯಂಥ ವಿಮಾನದಲ್ಲಿ, ಅದು ಕಿಟಕಿ. ಸಿ ಮತ್ತು ಡಿ ನಡುದಾರಿಯ ಪಕ್ಕ. ಬಿ ಮತ್ತು ಇ ಸಿಕ್ಕವರಿಗೆ ಎರಡೂ ಇಲ್ಲ, ಪಾಪ.

ಝೋನ್ ಏಕೆ ಬೇಕು ಎಂದು ತಿಳಿಯಲು ಆ ನಡುದಾರಿಯನ್ನೇ ನೋಡಬೇಕು. 180ರಷ್ಟು ಸೀಟುಗಳಿಗೆ ಅದೊಂದೇ ದಾರಿ, ಅದೂ ಒಬ್ಬರು ನಡೆಯುವಷ್ಟು ಅಗಲ. 4ನೇ ಸಾಲಿನವರು ಚೀಲವನ್ನು ತಲೆಯ ಮೇಲಿನ ಗೂಡಿಗೆ ಏರಿಸಲು ನಿಂತರೆ ಹಿಂದಿನವರೆಲ್ಲ ನಿಲ್ಲಬೇಕು. ಚೀಲ ಏರಿದ ಮೇಲೆ ನೀರಿನ ಬಾಟಲಿ ನೆನಪಾಗಿ ಅದನ್ನು ಮತ್ತೆ ಇಳಿಸಿದರೆ, ಸಾಲು ಬಾಗಿಲಿನಾಚೆಗೂ ಬೆಳೆಯುತ್ತದೆ. ಆಗ 25ನೇ ಸಾಲಿನ ಸುತ್ತ ಒಬ್ಬರೂ ಇರುವುದಿಲ್ಲ. ಜಾಗ ಖಾಲಿ, ಜನ ಕಾಯುತ್ತಿದ್ದಾರೆ, ನಡುವೆ ಒಂದು ಚೀಲ!

ಹಾಗಾದರೆ ಹಿಂದಿನ ಸಾಲಿನವರನ್ನು ಮೊದಲು ಕಳಿಸಿದರಾಯಿತಲ್ಲ ಎಂದು ಯಾರಿಗಾದರೂ ತೋಚುತ್ತದೆ. ಅಮೆರಿಕದ ಜೇಸನ್ ಸ್ಟೆಫನ್ ಎಂಬ ಖಗೋಳ ವಿಜ್ಞಾನಿ ಇದನ್ನು ಲೆಕ್ಕ ಹಾಕಿ ನೋಡಿದರು. ದೂರದ ನಕ್ಷತ್ರಗಳ ಸುತ್ತ ಗ್ರಹ ಹುಡುಕುವುದು ಅವರ ಕೆಲಸ. 2008ರಲ್ಲಿ ಅವರು ಪ್ರಕಟಿಸಿದ ಲೇಖನದ ವಿಷಯ ಮಾತ್ರ ವಿಮಾನ ಹತ್ತುವ ಕ್ರಮ. ಆಮೇಲೆ ವಿಮಾನದ ಒಳಭಾಗದಂತೆಯೇ ಇದ್ದ ಒಂದು ಮಾದರಿಯಲ್ಲಿ 72 ಜನರನ್ನು ಬೇರೆಬೇರೆ ಕ್ರಮದಲ್ಲಿ ಹತ್ತಿಸಿ, ಗಡಿಯಾರ ಹಿಡಿದು ಪರೀಕ್ಷೆಯನ್ನೂ ಮಾಡಿದರು. ಸಾಲುಗಳನ್ನು ಗುಂಪುಗುಂಪಾಗಿ ಹಿಂದಿನಿಂದ ತುಂಬಿಸಿದಾಗ ಸುಮಾರು 7 ನಿಮಿಷ ಹಿಡಿಯಿತು. ಯಾವ ಕ್ರಮವೂ ಇಲ್ಲದೆ ಬಂದಂತೆ ಬಿಟ್ಟಾಗ 5 ನಿಮಿಷವೂ ಬೇಕಾಗಲಿಲ್ಲ! ಒಂದೇ ಕಡೆಯ ಸಾಲುಗಳವರು ಒಟ್ಟಿಗೆ ಬಂದರೆ ಎಲ್ಲರೂ ಒಂದೇ ಜಾಗದಲ್ಲಿ ಚೀಲ ಎತ್ತಲು ನಿಲ್ಲುತ್ತಾರೆ, ಉಳಿದ ವಿಮಾನವೆಲ್ಲ ಸುಮ್ಮನಿರುತ್ತದೆ. ಅದೇ ಕಾರಣ. ಸ್ಟೆಫನ್ ಅವರ ಸ್ವಂತ ಕ್ರಮದಲ್ಲಿ ಕಿಟಕಿಯವರು ಮೊದಲು, ಅದೂ ಒಂದು ಸಾಲು ಬಿಟ್ಟು ಒಂದು ಸಾಲಿನಂತೆ. ಅದಕ್ಕೆ 4 ನಿಮಿಷಕ್ಕಿಂತ ಕಡಿಮೆ ಸಾಕಾಯಿತು.

ಅಷ್ಟು ಚೆನ್ನಾಗಿದ್ದರೆ ಎಲ್ಲರೂ ಅದನ್ನೇ ಪಾಲಿಸಬಹುದಲ್ಲ? ಅದರಲ್ಲಿ ಕಿಟಕಿಯ ಮೊಮ್ಮಗ ಮೊದಲು, ನಡುವಿನ ಅಜ್ಜಿ ಆಮೇಲೆ, ಪಕ್ಕದ ತಾತ ಕೊನೆಗೆ ಹತ್ತಬೇಕು. ಆರು ವರ್ಷದ ಹುಡುಗನನ್ನು ಒಬ್ಬನೇ ಒಳಗೆ ಕಳಿಸುವ ಅಜ್ಜಿಯನ್ನು ನಾನಂತೂ ಕಂಡಿಲ್ಲ. ಅಮೆರಿಕದ ಯುನೈಟೆಡ್ ಕಂಪನಿ 2023ರಲ್ಲಿ ಕಿಟಕಿಯವರು ಮೊದಲು ಎಂಬ ಪದ್ಧತಿಗೆ ಮರಳಿದಾಗ, ಒಂದೇ ಬುಕಿಂಗಿನ ಕುಟುಂಬ ಒಟ್ಟಿಗೇ ಹತ್ತಬಹುದು ಎಂದು ಬಿಟ್ಟುಕೊಟ್ಟಿತು.

"ನೋಡಿ, ಕ್ರಮವಿಲ್ಲದಿದ್ದರೇ ಬೇಗ ಆಗುತ್ತದಂತೆ" ಎಂದು ನುಗ್ಗುವವರು ಖುಷಿಪಡಬೇಕಾಗಿಲ್ಲ. ಆ ಪರೀಕ್ಷೆಯಲ್ಲಿ ಯಾರೂ ಯಾರನ್ನೂ ತಳ್ಳಲಿಲ್ಲ, ಬಂದ ಸರದಿಯಲ್ಲೇ ಹೋದರು. ನುಗ್ಗುವವರಿಗೆ ಸಿಗುವ ಲಾಭ ಒಂದೇ, ಚೀಲದ ಗೂಡು. ಅದು ಮಾತ್ರ ನಿಜಕ್ಕೂ ತುಂಬಿಹೋಗುತ್ತದೆ. ಅಮೆರಿಕದಲ್ಲಿ 2008ರ ಸುಮಾರಿಗೆ ದೊಡ್ಡ ಕಂಪನಿಗಳು ಒಳಗೆ ಹಾಕುವ ಮೊದಲ ಲಗೇಜಿಗೂ ದುಡ್ಡು ಕೇಳತೊಡಗಿದ ಮೇಲೆ, ಜನ ಎಲ್ಲವನ್ನೂ ಕೈಯಲ್ಲೇ ಹಿಡಿದು ಬರತೊಡಗಿದರು, ಗೂಡಿಗಾಗಿ ಪೈಪೋಟಿ ಶುರುವಾಯಿತು. ನಮ್ಮ ದೇಶದೊಳಗಿನ ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ 15 ಕಿಲೋ ಲಗೇಜು ಸೇರಿಯೇ ಇರುತ್ತದೆ, ಕೈಚೀಲಕ್ಕೆ 7 ಕಿಲೋ ಮಿತಿ. ಉಪ್ಪಿನಕಾಯಿ, ಚಕ್ಕುಲಿ, ಹಪ್ಪಳಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಕಳಿಸಿ, ಔಷಧಿ ಮತ್ತು ಕನ್ನಡಕದ ಚೀಲವನ್ನು ಮುಂದಿನ ಸೀಟಿನ ಕೆಳಗಿಟ್ಟರೆ ಗೂಡಿನ ಚಿಂತೆಯೇ ಬೇಡ.

ಗೇಟಿಗೆ ಮುತ್ತುವ ಜನರಿಗೆ ಅಮೆರಿಕದಲ್ಲಿ 'ಗೇಟಿನ ಹೇನು' ಎಂಬ ಅಡ್ಡಹೆಸರಿದೆ. ಮನುಷ್ಯರನ್ನು ಹೇನು ಎನ್ನುವುದು ನನಗೆ ಸರಿ ಕಾಣದು. ಆದರೆ 2024ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮಾಡಿದ ಉಪಾಯ ಮೆಚ್ಚುವಂಥದ್ದು. ತನ್ನ ಗುಂಪನ್ನು ಕರೆಯುವ ಮೊದಲೇ ಬಂದವರ ಪಾಸನ್ನು ಯಂತ್ರಕ್ಕೆ ತೋರಿಸಿದರೆ ಅದು ಸದ್ದು ಮಾಡುತ್ತದೆ. ಸಿಬ್ಬಂದಿ ನಯವಾಗಿ ಹಿಂದಕ್ಕೆ ಕಳಿಸುತ್ತಾರೆ. ಮೂರು ವಿಮಾನ ನಿಲ್ದಾಣಗಳಲ್ಲಿ ಪರೀಕ್ಷಿಸಿ, ಅದೇ ವರ್ಷ 100ಕ್ಕೂ ಹೆಚ್ಚು ಕಡೆ ಹಾಕಿದರು. ದಂಡವಿಲ್ಲ, ಬೈಗುಳವಿಲ್ಲ, ಒಂದು ಸದ್ದು ಅಷ್ಟೇ. ನಾಲ್ಕು ಜನ ತಿರುಗಿ ನೋಡುತ್ತಾರಲ್ಲ, ಅದೇ ಸಾಕು.

ಇದು ನನಗೆ ಹೊಸದಾಗಿ ಕಾಣಲಿಲ್ಲ. ಕಂಪ್ಯೂಟರ್ ಬರುವ ಮೊದಲು ನಮ್ಮ ಬ್ಯಾಂಕುಗಳಲ್ಲಿ ಹಿತ್ತಾಳೆಯ ಟೋಕನ್ ಇತ್ತು. ಚೆಕ್ಕು ಕೊಟ್ಟವರಿಗೆ ನಂಬರಿನ ಬಿಲ್ಲೆ ಕೊಡುತ್ತಿದ್ದೆವು, ಅವರು ಬೆಂಚಿನ ಮೇಲೆ ಕುಳಿತು ಹರಟುತ್ತಿದ್ದರು. ಕ್ಯಾಷಿಯರ್ 27 ಆದ ಮೇಲೆ 28 ಎಂದು ಕೂಗುವವರೆಗೆ ಎಲ್ಲವೂ ಶಾಂತ. ಯಾವುದೋ ಲೆಡ್ಜರ್ ತಡವಾಗಿ 27ರ ನಂತರ 31ನ್ನು ಕರೆದರೋ, ಬೆಂಚು ಖಾಲಿಯಾಗಿ ಎಲ್ಲರೂ ಕೌಂಟರಿನ ಜಾಲರಿಗೆ ಮುಖ ಒತ್ತಿರುತ್ತಿದ್ದರು. ವಿಮಾನದ ಗೇಟಿನಲ್ಲೂ ಅದೇ. ಝೋನ್ 1 ಎಂದು ಕೂಗಿ, ಬಂದ ಝೋನ್ 4ರವರನ್ನೂ ಸಿಬ್ಬಂದಿ ಸುಮ್ಮನೆ ಬಿಟ್ಟರೆ, ಕುಳಿತಿದ್ದ ಸಭ್ಯರೂ ಎದ್ದು ಬರುತ್ತಾರೆ. ತಪ್ಪೆಲ್ಲ ನುಗ್ಗುವವರದಲ್ಲ, ಬಿಡುವವರದೂ ಇದೆ.

ಇನ್ನು ಮೊದಲು ಕರೆಯುವವರ ವಿಷಯ. ಪುಟ್ಟ ಕೂಸು ಎತ್ತಿಕೊಂಡವರು, ನಡೆಯಲಾಗದವರು, ಸಹಾಯ ಬೇಕಾದವರು ಎಲ್ಲರಿಗಿಂತ ಮುಂಚೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ವೀಲ್‌ಚೇರ್ ಬಗ್ಗೆ ನಮ್ಮ ವಯಸ್ಸಿನವರು ಮನೆಯೊಳಗೆ ಸ್ವಲ್ಪ ಮಾತನಾಡಿಕೊಳ್ಳಬೇಕಾಗಿದೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಮ್ಮನಿಗೆ ಕಾಲು ಗಟ್ಟಿಯಾಗಿದ್ದರೂ ವೀಲ್‌ಚೇರ್ ಬರೆಸುತ್ತಾರೆ. ಕಾರಣ ಕಾಲಲ್ಲ, ಭಾಷೆ. ನಡುವೆ ಇನ್ನೊಂದು ವಿಮಾನ ಬದಲಿಸಬೇಕು, ಇಂಗ್ಲಿಷ್ ಬಾರದು, ಗೇಟು ಹುಡುಕಲು ಭಯ. ಆ ಭಯ ನಿಜವಾದದ್ದು, ನಗುವಂಥದ್ದಲ್ಲ. ಆದರೆ ಬರೀ ಸಾಲು ತಪ್ಪಿಸಲೆಂದೇ ಕುರ್ಚಿ ಕೇಳುವವರೂ ಇದ್ದಾರೆ.

ಎಂಬತ್ತು ದಾಟಿದ ನನ್ನ ಅಕ್ಕನಿಗೆ ಎರಡೂ ಮಂಡಿ ಹೋಗಿದೆ. ಒಮ್ಮೆ ಅವಳನ್ನು ಕರೆದುಕೊಂಡು ಹೋದಾಗ ಹತ್ತುವ ಕಡೆ ಹದಿನಾಲ್ಕು ಗಾಲಿಕುರ್ಚಿಗಳು ಸಾಲಾಗಿದ್ದವು. ಇಳಿಯುವ ಊರಿನಲ್ಲಿ ಆ ಹದಿನಾಲ್ವರಲ್ಲಿ ಏಳೆಂಟು ಜನ ಚೀಲ ಹೆಗಲಿಗೇರಿಸಿ ಸರಸರನೆ ನಡೆದುಹೋದರು. ನಡೆಯಲಾರದ ಅಕ್ಕ ಬಾಗಿಲ ಬಳಿ ಮುಕ್ಕಾಲು ಗಂಟೆ ಕಾದಳು, ಏಕೆಂದರೆ ಕುರ್ಚಿ ತಳ್ಳುವ ಹುಡುಗರು ಬೇರೊಂದು ವಿಮಾನದ ಇಂಥದೇ ದೊಡ್ಡ ಸಾಲಿಗೆ ಹೋಗಿದ್ದರು. "ನಡೆದು ಹೋದವರಿಗೆ ದೇವರು ಮಂಡಿ ಕೊಟ್ಟಿದ್ದಾನೆ, ಬುದ್ಧಿಯನ್ನೂ ಕೊಡಲಿ" ಎಂದಳು. ಅಕ್ಕ ಸ್ವಲ್ಪ ಖಾರ.

ನಿಜವಾಗಿ ಬೇಕಾದವರು ಸಂಕೋಚ ಪಡಬಾರದು. ನಮ್ಮ ದೇಶದಲ್ಲಿ ಪ್ರಯಾಣಕ್ಕೆ 48 ಗಂಟೆ ಮೊದಲೇ ಕಂಪನಿಗೆ ತಿಳಿಸಿದರೆ ಏರ್ಪಾಡು ಸುಲಭ. ಭಾಷೆಯದಷ್ಟೇ ತೊಂದರೆಯಾದರೆ, ಕುರ್ಚಿ ಬೇಡ, ಜೊತೆಗೆ ನಡೆದು ದಾರಿ ತೋರಿಸುವವರು ಬೇಕು ಎಂದು ಕೇಳಿ ನೋಡಬಹುದು. ಎಲ್ಲಿಗೆ, ಯಾವ ವಿಮಾನ, ಯಾರನ್ನು ಕಾಣಬೇಕು ಎಂದು ಮೊಮ್ಮಕ್ಕಳಿಂದ ಇಂಗ್ಲಿಷಿನಲ್ಲಿ ದೊಡ್ಡಕ್ಷರದ ಒಂದು ಚೀಟಿ ಬರೆಸಿ ಇಟ್ಟುಕೊಂಡರೆ ಅರ್ಧ ಭಯ ಹೋಗುತ್ತದೆ.

ಸಾಲು ದಾಟಲೇಬೇಕಾದ ಸಂದರ್ಭವೂ ಉಂಟು. ಭದ್ರತಾ ತಪಾಸಣೆಯ ಉದ್ದ ಸಾಲಿನಲ್ಲಿರುವಾಗ ಗೇಟು ಮುಚ್ಚುವ ಹೊತ್ತು ಹತ್ತಿರ ಬಂದವರು ಏನು ಮಾಡಬೇಕು? ಎಷ್ಟೋ ವಿಮಾನಗಳ ಗೇಟು ಹೊರಡುವುದಕ್ಕೆ 25 ನಿಮಿಷ ಮೊದಲೇ ಮುಚ್ಚುತ್ತದೆ. ಪಾಸ್ ತೋರಿಸಿ, "ನನ್ನ ವಿಮಾನ ಹೊರಡುತ್ತಿದೆ, ದಯವಿಟ್ಟು ಮುಂದೆ ಬಿಡ್ತೀರಾ?" ಎಂದು ಕೇಳಿದರೆ ಬೇಡ ಎನ್ನುವವರು ಕಡಿಮೆ. ಕೇಳಿ ಮುಂದೆ ಹೋಗುವುದಕ್ಕೂ ಕೇಳದೆ ನುಸುಳುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಶಾಲೆಯ ನಲ್ಲಿಯ ಹತ್ತಿರವೇ ಗೊತ್ತಾಗಿರುತ್ತದೆ.

ಬೆಂಗಳೂರಿನಲ್ಲಿ ಒಮ್ಮೆ ಕಂಡದ್ದು. ತಾತನೊಬ್ಬರು ಹನ್ನೆರಡು ವರ್ಷದ ಮೊಮ್ಮಗನ ಕೈ ಹಿಡಿದು, "ಮಗು ಇದೆ, ಮಗು ಇದೆ" ಎನ್ನುತ್ತಾ ಕೂಸುಗಳ ಸಾಲಿಗೆ ಹೊಕ್ಕರು. ಹುಡುಗ ತಾತನ ಭುಜದಷ್ಟು ಎತ್ತರ. ಮುಖ ಕೆಂಪಗೆ ಮಾಡಿಕೊಂಡು, "ತಾತ, ನಮ್ಮದು ಝೋನ್ 4" ಎಂದ. "ಸುಮ್ನಿರೋ ಪುಟ್ಟ" ಎಂದರು ತಾತ. ಗೇಟಿನ ಹುಡುಗಿ ಪಾಸ್ ನೋಡಿ, ಹುಡುಗನನ್ನು ನೋಡಿ, ಏನೂ ಹೇಳದೆ ಬಿಟ್ಟಳು. ಆ ಹುಡುಗ ಮಾತ್ರ ಕೂಸು ಎತ್ತಿಕೊಂಡಿದ್ದ ತಾಯಿಗೆ ದಾರಿ ಬಿಟ್ಟು, ಅವರ ಹಿಂದೆ ನಿಂತುಕೊಂಡ. ತಾತ ಎರಡು ಹೆಜ್ಜೆ ಮುಂದೆ ಹೋಗಿ, ಕೈ ಖಾಲಿ ಎಂದು ತಿಳಿದು, ಹಿಂದಿರುಗಿ ಅವನ ಪಕ್ಕಕ್ಕೆ ಬಂದರು.

ಗೇಟಿನಿಂದ ಬಸ್ಸಿನಲ್ಲಿ ವಿಮಾನಕ್ಕೆ ಹೋಗುವ ಕಡೆ ನುಗ್ಗಾಟ ಇನ್ನೂ ಹಾಸ್ಯ. ಮೊದಲು ಹತ್ತಿದವರು ಬಸ್ಸಿನ ಒಳಗೆ ಸೇರಿಹೋಗುತ್ತಾರೆ. ಕೊನೆಗೆ ಓಡಿ ಬಂದವರು ಬಾಗಿಲಲ್ಲಿ ನಿಲ್ಲುತ್ತಾರೆ, ಇಳಿಯುವಾಗ ಅವರೇ ಮೊದಲು! ಸಣ್ಣ ಎಟಿಆರ್ ವಿಮಾನದಲ್ಲಿ ಜನ ಹತ್ತುವ ಬಾಗಿಲು ಬಾಲದ ಕಡೆ ಇರುತ್ತದೆ. ಅಲ್ಲಿ 1ನೇ ಸಾಲಿನವರೇ ಎಲ್ಲರಿಗಿಂತ ದೂರ ನಡೆಯಬೇಕು.

ಇಳಿಯುವಾಗಲೂ ಅಷ್ಟೇ. ಚಕ್ರ ನೆಲ ಮುಟ್ಟಿದ ಕೂಡಲೇ ಪಟಪಟನೆ ಬೆಲ್ಟ್ ಬಿಚ್ಚುವ ಸದ್ದು. ವಿಮಾನ ಓಡುತ್ತಿರುವಾಗ ಎದ್ದು ನಿಲ್ಲುವುದು ಅಪಾಯ, ಗೂಡು ತೆರೆದರೆ ಚೀಲ ಯಾರ ತಲೆಯ ಮೇಲಾದರೂ ಬಿದ್ದೀತು. ಟರ್ಕಿಯ ವಿಮಾನಯಾನ ಇಲಾಖೆ 2025ರಲ್ಲಿ, ತಮ್ಮ ಸರದಿಗೆ ಮುಂಚೆ ಎದ್ದು ನಡುದಾರಿಗೆ ಬರುವವರ ಬಗ್ಗೆ ವರದಿ ಮಾಡಿ ದಂಡ ಹಾಕಲು ಆದೇಶ ಹೊರಡಿಸಿತು. ನಮ್ಮ ಇಂಡಿಗೋ 2022ರಲ್ಲಿ ಬೇರೆ ದಾರಿ ಹಿಡಿಯಿತು. ಮುಂದೆ ಎರಡು, ಹಿಂದೆ ಒಂದು, ಹೀಗೆ ಮೂರು ಬಾಗಿಲುಗಳಿಂದ ಇಳಿಸುವ ಏರ್ಪಾಡನ್ನು ಬೆಂಗಳೂರು, ಮುಂಬಯಿ, ದೆಹಲಿಗಳಲ್ಲಿ ಆರಂಭಿಸಿತು. ಇದರಿಂದ ಐದಾರು ನಿಮಿಷ ಉಳಿಯುತ್ತದೆ ಎಂದಿತು.

ಯಾರಾದರೂ ನಿಮ್ಮ ಮುಂದೆ ತೂರಿದರೆ ಕೂಗಾಡಬೇಡಿ. "ಸಾರ್, ನೀವು ಯಾವ ಝೋನ್?" ಎಂದು ಕೇಳಿ. ಜಗಳಕ್ಕೆ ಸಿದ್ಧರಾಗಿ ಬಂದವರೂ ಈ ಪ್ರಶ್ನೆಗೆ ಪಾಸ್ ನೋಡಿಕೊಳ್ಳುತ್ತಾರೆ. ಕೆಲವರಿಗೆ ಝೋನ್ ಎಂಬುದೊಂದಿದೆ ಎಂದು ಆಗಲೇ ತಿಳಿಯುವುದು. ಕೇಳಿಯೂ ಜಗ್ಗದಿದ್ದರೆ ಸಿಬ್ಬಂದಿಗೆ ಹೇಳಿ, ಇಲ್ಲವೇ ಬಿಟ್ಟುಬಿಡಿ. ಅವರೂ ನಿಮ್ಮ ಜೊತೆಯೇ ಇಳಿಯುತ್ತಾರೆ.

ರಜೆಯಲ್ಲಿ ಹತ್ತು ಹನ್ನೆರಡು ಮಕ್ಕಳು ಸೇರಿದಾಗ ಸ್ಟೆಫನ್ ಅವರ ಪರೀಕ್ಷೆಯನ್ನು ಮನೆಯ ಪಡಸಾಲೆಯಲ್ಲೇ ಮಾಡಬಹುದು. ನಡುವೆ ಒಬ್ಬರು ಹೋಗುವಷ್ಟು ದಾರಿ ಬಿಟ್ಟು, ಎರಡೂ ಕಡೆ ಎರಡೆರಡರಂತೆ ಮೂರು ಸಾಲು ಕುರ್ಚಿ ಹಾಕಿ. ಕುರ್ಚಿ ಸಾಲದಿದ್ದರೆ ಚಾಪೆ, ಮಣೆ ಯಾವುದಾದರೂ ಸರಿ. ಚೀಟಿಯಲ್ಲಿ ಸೀಟಿನ ನಂಬರು ಬರೆದು ಹಂಚಿ. ಎಲ್ಲರ ಬೆನ್ನಿಗೂ ಶಾಲೆಯ ಚೀಲ ಇರಲಿ. ಅದನ್ನು ಇಳಿಸಿ ಕುರ್ಚಿಯ ಕೆಳಗಿಟ್ಟೇ ಕೂರಬೇಕು, ಅಲ್ಲಿಯವರೆಗೆ ದಾರಿ ಬಂದ್. ಮೊದಲು ಹಿಂದಿನ ಸಾಲಿನಿಂದ, ಆಮೇಲೆ ಕಿಟಕಿಯಿಂದ, ಕೊನೆಗೆ ಬಂದಂತೆ, ಹೀಗೆ ಮೂರು ಸಲ. ತಾತ ಗಡಿಯಾರ ಹಿಡಿಯಲಿ, ಅಜ್ಜಿ ಗೇಟಿನಲ್ಲಿ ನಿಂತು ಪಾಸ್ ನೋಡಲಿ. ಗಗನಸಖಿ ಯಾರೆಂದು ಜಗಳವಾದರೆ ಚೀಟಿ ಎತ್ತಿ. ಕೋಡುಬಳೆ ಹಂಚುವ ಕೆಲಸ ಆ ಪಾತ್ರಕ್ಕೇ ಸೇರಿದ್ದರಿಂದ ಜಗಳ ಆಗಿಯೇ ಆಗುತ್ತದೆ.