ತಂಬೂರಿ ಮತ್ತು ಗಿಟಾರು: ಕಪಿಲಾ ತೀರದ ಕಥನಗಾಯನ ಹಾಗೂ ಮೈಸೂರಿನ ರಾಕ್ ತಂಡಗಳು

ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ‘ಪ್ರೊಗ್ರೆಸಿವ್’ ಎಂಬ ವಿಶೇಷಣವು 1960ರ ದಶಕದ ಕೊನೆಯಲ್ಲಿ ರೂಢಿಗೆ ಬಂದಿತು. ಮೂರು ನಿಮಿಷದ ಪ್ರೇಮಗೀತೆಯ ಕಟ್ಟನ್ನು ಮೀರಿ ದೀರ್ಘ ಕಥನವನ್ನೂ ಲಯದ ಪಲ್ಲಟಗಳನ್ನೂ ಒಳಗೊಳ್ಳುವ ಹಂಬಲ ಅದರ ಮೂಲದಲ್ಲಿದೆ. ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಧ್ವನಿಮುದ್ರಿಕೆ 1969ರಲ್ಲಿ ಹೊರಬಂದಿತು. 1972ರಲ್ಲಿ ಜೆಥ್ರೊ ಟಲ್ ತಂಡವು ಒಂದೇ ಗೀತೆಯನ್ನು ಧ್ವನಿಮುದ್ರಿಕೆಯ ಎರಡೂ ಮುಖಗಳಿಗೆ ಹರಡಿತು. ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ನೀಲಗಾರರಿಗೆ ಈ ಹಂಬಲವು ಹೊಸತೆನಿಸಲಾರದು.

ನೀಲಗಾರರು ಮಂಟೇಸ್ವಾಮಿ ಪರಂಪರೆಯಲ್ಲಿ ದೀಕ್ಷೆ ಪಡೆದ ಗಾಯಕರು. ಬಹುಪಾಲು ದಲಿತ ಹಾಗೂ ಹಿಂದುಳಿದ ಸಮುದಾಯಗಳಿಗೆ ಸೇರಿದವರು. ಮುಖ್ಯ ಗಾಯಕನ ಬಳಿ ತಂಬೂರಿ ಮತ್ತು ಗಗ್ಗರ, ಹಿಮ್ಮೇಳದಲ್ಲಿ ಡಕ್ಕೆ ಮತ್ತು ತಾಳ. ಇಷ್ಟೇ ಪರಿಕರದಿಂದ ಇರುಳಿಡೀ ಹಾಡುತ್ತಾರೆ. ಕಾವ್ಯವು ‘ಸಾಲು’ಗಳಾಗಿ ವಿಭಾಗಗೊಂಡಿದೆ. ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರುವುದು ಒಂದು ಸಾಲು. ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡುವುದು ಇನ್ನೊಂದು. ಹಾಡು ಮಾತಾಗುತ್ತದೆ, ಮಾತು ಮತ್ತೆ ಹಾಡಾಗುತ್ತದೆ. ಕಥೆಯ ಬಿಕ್ಕಟ್ಟಿಗೆ ತಕ್ಕಂತೆ ಲಯ ಬಿಗಿಯಾಗುತ್ತದೆ, ಸಡಿಲವಾಗುತ್ತದೆ.

ಈ ಸೀಮೆಗೆ ಸಮೀಪದಲ್ಲಿ ಬೆಳೆದ ರಾಕ್ ಸಂಗೀತವೆಂದರೆ ಮೈಸೂರಿನ ಇಬ್ಬರು ಸಹೋದರರನ್ನು ನೆನೆಯಬೇಕಾಗುತ್ತದೆ. ಹಿರಿಯರಾದ ರಘು ದೀಕ್ಷಿತ್ (ಸೂಕ್ಷ್ಮಜೀವಿವಿಜ್ಞಾನ ಓದಿ, ಭರತನಾಟ್ಯ ಕಲಿತವರು) ‘ಅಂತರಾಗ್ನಿ’ ತಂಡದ ಬಳಿಕ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಕಟ್ಟಿದರು. ಅದರ ಮೊದಲ ಧ್ವನಿಸುರುಳಿ 2008ರಲ್ಲಿ ಪ್ರಕಟವಾಯಿತು. ಕಿರಿಯರಾದ ವಾಸು ದೀಕ್ಷಿತ್ ಮುಖ್ಯ ಗಾಯಕರಾಗಿರುವ ‘ಸ್ವರಾತ್ಮ’ವು 2002ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು, 2009ರಲ್ಲಿ ಮೊದಲ ಸಂಕಲನವನ್ನೂ 2012ರಲ್ಲಿ ‘ಟೋಪಿವಾಲೆ’ಯನ್ನೂ ಹೊರತಂದಿತು. ಇವೆರಡನ್ನೂ ಜಾನಪದ ರಾಕ್ ಎಂದು ಕರೆಯುವುದು ವಾಡಿಕೆ.

ಇಲ್ಲೊಂದು ಸಂಗತಿ ಕುತೂಹಲಕರ. ರಘು ದೀಕ್ಷಿತ್ ತಮ್ಮ ಮೊದಲ ಸಂಕಲನದಲ್ಲಿ ಕನ್ನಡಕ್ಕಾಗಿ ಆಯ್ದುಕೊಂಡದ್ದು ಶಿಶುನಾಳ ಷರೀಫರ ‘ಸೋರುತಿಹುದು ಮನೆಯ ಮಾಳಿಗಿ’, ‘ಗುಡುಗುಡಿಯ ಸೇದಿ ನೋಡೋ’ ತತ್ತ್ವಪದಗಳನ್ನು. ಮೈಸೂರಿನಿಂದ ನಂಜನಗೂಡಿಗೆ ಸುಮಾರು 23 ಕಿಲೋಮೀಟರು. ಶಿಶುನಾಳವೋ ಧಾರವಾಡದ ಕಡೆಯದು. ದೂರದ ಪದ ಹತ್ತಿರವಾದುದಕ್ಕೆ ಕಾರಣಗಳಿವೆ. ಸಿ. ಅಶ್ವತ್ಥ್ ಅವರ ಗಾಯನ ಮತ್ತು 1990ರ ‘ಸಂತ ಶಿಶುನಾಳ ಷರೀಫ’ ಚಲನಚಿತ್ರವು ಷರೀಫರನ್ನು ನಗರದ ಕಿವಿಗೆ ಮುಟ್ಟಿಸಿದ್ದವು. ಅದಕ್ಕಿಂತ ಮುಖ್ಯವಾಗಿ, ತತ್ತ್ವಪದವು ತನ್ನಷ್ಟಕ್ಕೆ ಪೂರ್ಣವಾದ ಕಿರುರಚನೆ. ಅದನ್ನು ವೇದಿಕೆಗೆ ತರಲು ಏನನ್ನೂ ಕತ್ತರಿಸಬೇಕಿಲ್ಲ. ಹಲಗೂರಿನ ಸಾಲಿನಿಂದ ಐದು ನಿಮಿಷವನ್ನು ಎತ್ತಿಕೊಂಡರೆ ಭಕ್ತಿಗೀತೆ ಉಳಿಯುತ್ತದೆ, ಕಬ್ಬಿಣವನ್ನು ಬಚ್ಚಿಟ್ಟವರೊಡನೆ ನಡೆದ ಜಗಳ ಉಳಿಯುವುದಿಲ್ಲ. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ಕ್ಯಾಸೆಟ್ಟುಗಳು ಈ ಕಥನವನ್ನು ಮನೆಮನೆಗೆ ಒಯ್ದವು ನಿಜ. ಆದರೆ ಕ್ಯಾಸೆಟ್ಟಿನ ಮುಖ ಮುಗಿದಲ್ಲಿ ಕಥೆಯೂ ನಿಲ್ಲಬೇಕಾಯಿತು. ಜೊತೆಗೆ, ದೀಕ್ಷೆ ಪಡೆದವನು ವ್ರತವಾಗಿ ಹಾಡುವುದನ್ನು ದೀಕ್ಷೆಯಿಲ್ಲದವನು ಟಿಕೆಟ್ಟಿನ ಸಭೆಯಲ್ಲಿ ಹಾಡಿದಾಗ ಹೆಸರೂ ಸಂಭಾವನೆಯೂ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಏಳುತ್ತದೆ. ಆ ದೃಷ್ಟಿಯಿಂದ ಈ ತಂಡಗಳು ಮೊದಲಿಗೆ ನೀಲಗಾರರ ಪದಕ್ಕೆ ಕೈಹಾಕದಿದ್ದುದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ.

ಸೀಮೆಯ ವಸ್ತು ಮಾತ್ರ ಬೇರೊಂದು ದಾರಿಯಿಂದ ಒಳಬಂದಿದೆ. ಸ್ವರಾತ್ಮದ ಮೊದಲ ಸಂಕಲನದ ‘ಪ್ಯಾಸಿ’ ಕಾವೇರಿ ಜಲವಿವಾದವನ್ನು ಕುರಿತದ್ದು. ನದಿಯೇ ಅಲ್ಲಿ ತನ್ನ ದುಃಖವನ್ನು ತೋಡಿಕೊಳ್ಳುತ್ತಾಳೆ. ನ್ಯಾಯಮಂಡಳಿಯ ಅಂತಿಮ ತೀರ್ಪು 2007ರಲ್ಲಿ ಬಂದಿದ್ದು, ವಿವಾದ ಬಿಸಿಯಾಗಿಯೇ ಇದ್ದ ಕಾಲವದು. ಗೀತೆಯ ಭಾಷೆ ಹಿಂದಿ. ಆದರೂ ಪಾತ್ರವೊಂದರ ಬಾಯಿಂದಲೇ ವ್ಯಾಜ್ಯವನ್ನು ನುಡಿಸುವ ಈ ಕ್ರಮ ನೀಲಗಾರರದು ಕೂಡ: ಅದೇ ಗಾಯಕ, ಅದೇ ತಂಬೂರಿ ಹಿಡಿದು, ಒಂದೇ ಇರುಳಿನಲ್ಲಿ ಮಂಟೇಸ್ವಾಮಿಯೂ ಬಸವಣ್ಣನೂ ಪಾಂಚಾಳನೂ ಆಗುತ್ತಾನೆ. ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲಿನಲ್ಲಿ ಈ ಎರಡು ಗಾಯನಗಳನ್ನು ಒಂದರ ಬಳಿಕ ಒಂದರಂತೆ ಕೇಳಿಸಿ, ಕೇಳುಗರ ಪ್ರತಿಕ್ರಿಯೆಯನ್ನು ದಾಖಲಿಸುವ ಕೆಲಸವನ್ನು ಸಂಶೋಧಕರು ಕೈಗೊಳ್ಳಬಹುದಾಗಿದೆ.